ಮನೆಯ ಗೋಡೆ ಮತ್ತು ಮಾಳಿಗೆಯಲ್ಲಿ ಉಷ್ಣ ನಿರೋಧಕ ಪದರದ ಸ್ಥಾನ ನಿರ್ಣಯ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ
(ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳ ಗ್ರಾಮಗಳಿಗೆ ಅನ್ವಯಿಸಿ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ನಂತರ ಸದಸ್ಯರು ಮೂರು ವಿಷಯಗಳಲ್ಲಿ ಸ್ವತಂತ್ರವಾಗಿ ನಿರ್ಣಯಿಸಲು ಶಕ್ತರಾಗಬೇಕು: ಮನೆಗೆ ಬಿಸಿಲಿನ ತಾಪವು ಯಾವ ದಾರಿಯಿಂದ ಹೆಚ್ಚಾಗಿ ಪ್ರವೇಶಿಸುತ್ತದೆ, ಥರ್ಮಾಕೋಲ್ ಮೊದಲಾದ ಫೋಮ್ ಹಲಗೆಗಳನ್ನು ಗೋಡೆಯ ಹೊರಮೈ, ನಡುಭಾಗ, ಒಳಮೈ ಈ ಮೂರರಲ್ಲಿ ಎಲ್ಲಿ ಇರಿಸಬೇಕು, ಅಂದಾಜು ಪತ್ರಿಕೆ ಮತ್ತು ಕಾಮಗಾರಿಯನ್ನು ಪರಿಶೀಲಿಸುವಾಗ ಏನನ್ನು ಕೇಳಬೇಕು.

1. ಪೀಠಿಕೆ

ಎರಡು ತಲೆಮಾರುಗಳ ಹಿಂದೆ ಈ ಭಾಗದ ಹಳ್ಳಿಗಳಲ್ಲಿ ಮನೆ ಎಂದರೆ ಬಹುಮಟ್ಟಿಗೆ ಮಣ್ಣಿನ ಮಾಳಿಗೆಯ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಒಂದು ಗೇಣಿಗೂ ಮಿಕ್ಕಿದ ಮಣ್ಣಿನ ಹಾಸು, ಮೇಲೆ ನೀರು ಇಳಿಯದಂತೆ ಸವಳು ಮಣ್ಣಿನ ಮೆತ್ತುವಿಕೆ, ನಡುವೆ ಒಂದು ಬೆಳಕಿಂಡಿ. ಇಂತಹ ಮನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ದುರಸ್ತಿ ಅನಿವಾರ್ಯವಾಗಿತ್ತು. ಎಡೆಬಿಡದ ಮಳೆಯಲ್ಲಿ ಗೋಡೆ ಕುಸಿದು ಜೀವಹಾನಿಯಾಗುವ ಅಪಾಯವೂ ಇತ್ತು. ಆದುದರಿಂದ ಕಾಂಕ್ರೀಟ್ ಸ್ಲ್ಯಾಬಿನ ಮನೆಗಳು ಬಂದದ್ದು ಯುಕ್ತವೇ ಆಗಿದೆ.

ಆದರೆ ಮಣ್ಣಿನ ಮಾಳಿಗೆಯೊಂದಿಗೆ ಅದರ ತಂಪೂ ಹೊರಟುಹೋಯಿತು. ಬರಿಯ ಸ್ಲ್ಯಾಬಿನ ಅಥವಾ ತಗಡಿನ ಮನೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ರಾತ್ರಿ ಒಳಗೆ ಮಲಗಲಾಗದೆ ಜನರು ಅಂಗಳಕ್ಕೆ ಹಾಸಿಗೆ ತರುತ್ತಾರೆ. ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದ ವೃದ್ಧರು ಮಾತ್ರ ಒಳಗೇ ಉಳಿಯಬೇಕಾಗುತ್ತದೆ. ಅಂಗನವಾಡಿಯ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಬಳಲುತ್ತಾರೆ. ತಾಪದ ಹೊರೆ ಮನೆಯಲ್ಲಿ ಅತ್ಯಂತ ದುರ್ಬಲರ ಮೇಲೆಯೇ ಬೀಳುತ್ತದೆ ಎಂಬುದನ್ನು ಸದಸ್ಯರು ಮೊದಲು ಮನಗಾಣಬೇಕು.

ಈಗ ಥರ್ಮಾಕೋಲ್, ಪಫ್ ಮುಂತಾದ ಹಲಗೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅನುಕೂಲವುಳ್ಳ ಕೆಲವರು ಅವನ್ನು ಕೋಣೆಯ ಒಳಭಾಗಕ್ಕೆ ಅಂಟಿಸುತ್ತಾರೆ. ಹಣ ವ್ಯಯವಾಗುತ್ತದೆ, ನಿರೀಕ್ಷಿಸಿದ ತಂಪು ದೊರೆಯುವುದಿಲ್ಲ. ದೋಷವು ವಸ್ತುವಿನದಲ್ಲ, ಅದನ್ನು ಇರಿಸಿದ ಸ್ಥಾನದ್ದು. ಅನುದಾನವು ಒಂದು ಕುಟುಂಬಕ್ಕೆ ಸಾಮಾನ್ಯವಾಗಿ ಒಮ್ಮೆ ಮಾತ್ರ ದೊರೆಯುವುದರಿಂದ ಸ್ಥಾನದ ನಿರ್ಣಯವು ಗೋಡೆ ಏಳುವ ಮೊದಲೇ ಆಗಬೇಕು.

2. ತಾಪವನ್ನು ತಡೆಯುವುದು ಮತ್ತು ಹಿಡಿದಿಡುವುದು

ಕಟ್ಟಡದ ವಸ್ತುಗಳಲ್ಲಿ ಎರಡು ಬೇರೆ ಬೇರೆ ಗುಣಗಳಿವೆ. ಇವೆರಡನ್ನು ಒಂದೇ ಎಂದು ಭಾವಿಸುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ.

ಮೊದಲನೆಯದು ತಡೆಯುವ ಗುಣ. ಫೋಮ್ ಹಲಗೆಯ ಒಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಗಾಳಿ ಅಥವಾ ಅನಿಲವು ಸೆರೆಯಾಗಿರುತ್ತದೆ. ಅದರ ಮೂಲಕ ತಾಪವು ಬಹಳ ನಿಧಾನವಾಗಿ ಸಾಗುತ್ತದೆ. ತಾಪವನ್ನು ತಡೆಯುವುದರಲ್ಲಿ 4 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಲಗೆಯು ಒಂದೂವರೆ ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟಿಗೆ ಸಮ.

ಎರಡನೆಯದು ಹಿಡಿದಿಡುವ ಗುಣ. ಕಲ್ಲು, ಮಣ್ಣು, ಇಟ್ಟಿಗೆ, ಕಾಂಕ್ರೀಟ್ ಇವು ಭಾರವಾದ ವಸ್ತುಗಳು. ಇವು ತಾಪವನ್ನು ಹೀರಿ ತಮ್ಮಲ್ಲಿ ಇರಿಸಿಕೊಂಡು ತಡವಾಗಿ ಬಿಟ್ಟುಕೊಡುತ್ತವೆ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗಿದರೆ ಅಷ್ಟೇ ಗಾತ್ರದ ಥರ್ಮಾಕೋಲ್ ಕೇವಲ 15 ರಿಂದ 25 ಕಿಲೋ ತೂಗುತ್ತದೆ. ಹಗುರವಾದ ಫೋಮ್ ತಾಪವನ್ನು ತಡೆಯಬಲ್ಲದು, ಹಿಡಿದಿಡಲಾರದು.

ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಒಳಗೆ ಬೇಸಿಗೆಯ ಮಧ್ಯಾಹ್ನ ಕಾಲಿರಿಸಿದವರಿಗೆ ಹಿಡಿದಿಡುವ ಗುಣದ ಅರ್ಥವನ್ನು ವಿವರಿಸಬೇಕಾಗಿಲ್ಲ. ನೆಲದಡಿಯ ಹಗೇವಿನಲ್ಲಿ ಜೋಳವು ಕೆಡದೆ ಉಳಿಯುತ್ತಿದ್ದುದಕ್ಕೆ ಸುತ್ತಲಿನ ಮಣ್ಣಿನ ಸಮಶೀತೋಷ್ಣವೂ ಒಂದು ಕಾರಣ. ಹಳೆಯ ಮನೆಯ 45 ಸೆಂ.ಮೀ. ದಪ್ಪದ ಗೋಡೆಯು ಹಗಲು ಹೀರಿದ ತಾಪವನ್ನು ಒಳಕ್ಕೆ ಮುಟ್ಟಿಸಲು ಸುಮಾರು ಅರ್ಧ ದಿನ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಂಪಾಗಿರುತ್ತದೆ. ಆದರೆ 10–12 ಸೆಂ.ಮೀ. ದಪ್ಪದ ಸ್ಲ್ಯಾಬಿನಲ್ಲಿ ಈ ವಿಳಂಬ ಸುಮಾರು 3 ತಾಸು ಮಾತ್ರ. ಮಧ್ಯಾಹ್ನ 1 ಗಂಟೆಯ ಉರಿಬಿಸಿಲು ಸಂಜೆ 4 ಗಂಟೆಗೆ ತಲೆಯ ಮೇಲೆ ಇಳಿಯುತ್ತದೆ, ಮತ್ತು ಕತ್ತಲಾದ ಮೇಲೆಯೂ ಸ್ಲ್ಯಾಬು ಒಳಗೆ ಝಳ ಸೂಸುತ್ತಲೇ ಇರುತ್ತದೆ.

ಉತ್ತಮ ಮನೆಗೆ ಎರಡೂ ಗುಣಗಳು ಬೇಕು. ಎರಡನ್ನೂ ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದೇ ಮುಂದಿನ ವಿಚಾರ.

3. ಬಿಸಿಲು ಯಾವ ದಾರಿಯಿಂದ ಬರುತ್ತದೆ

ಗದಗ ಜಿಲ್ಲೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ. ಆದುದರಿಂದ ಮೇ ತಿಂಗಳ ಆರಂಭದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಅತಿ ಹೆಚ್ಚು ಸೆಕೆಯ ಕಾಲದಲ್ಲಿಯೇ ಬಿಸಿಲು ನೇರವಾಗಿ ಮಾಳಿಗೆಯ ಮೇಲೆ ಬೀಳುತ್ತದೆ. ಆಗ ದಕ್ಷಿಣದ ಗೋಡೆಗೆ ನಡುಹಗಲಿನ ಬಿಸಿಲು ಹೆಚ್ಚಾಗಿ ತಗಲುವುದಿಲ್ಲ, ಚಿಕ್ಕ ಛಜ್ಜವೇ ಅದಕ್ಕೆ ಸಾಕು. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು, ಪಶ್ಚಿಮದ ಗೋಡೆಗೆ ಇಳಿಹೊತ್ತಿನ ಬಿಸಿಲು. ಇವೆರಡರಲ್ಲಿ ಪಶ್ಚಿಮದ್ದು ಹೆಚ್ಚು ಬಾಧಕ, ಏಕೆಂದರೆ ಅದು ಬೀಳುವ ಹೊತ್ತಿಗೆ ಗಾಳಿಯೂ ಕಾದಿರುತ್ತದೆ.

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಆ ಅಳತೆಯ ಮನೆಗೆ ಅಂದಾಜು ಲೆಕ್ಕವೊಂದನ್ನು ಮಾಡಿ ನೋಡಬಹುದು. ಒಂದು ಚದರ ಮೀಟರಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಎಷ್ಟು ವ್ಯಾಟ್ ತಾಪ ದಾಟುತ್ತದೆ ಎಂಬುದೇ ಲೆಕ್ಕದ ಅಳತೆಗೋಲು. ಬರಿಯ ಕಾಂಕ್ರೀಟ್ ಸ್ಲ್ಯಾಬಿಗೆ ಇದು ಸುಮಾರು 3.5, ಅದರ ಮೇಲೆ 4 ಸೆಂ.ಮೀ. ಥರ್ಮಾಕೋಲ್ ಇದ್ದರೆ ಸುಮಾರು 0.75. ಬಿಸಿಲಿಗೆ ಸ್ಲ್ಯಾಬಿನ ಮೇಲ್ಮೈ 60 ಡಿಗ್ರಿ ಕಾದಿದೆ, ಕೋಣೆಯೊಳಗೆ 35 ಡಿಗ್ರಿ ಇದೆ ಎಂದು ಭಾವಿಸಿದಾಗ:

ಅ) ಬರಿಯ ಸ್ಲ್ಯಾಬು: ಸುಮಾರು 2,200 ವ್ಯಾಟ್.
ಆ) ಸುಣ್ಣ ಬಳಿದ ಸ್ಲ್ಯಾಬು, ಮೇಲ್ಮೈ 45 ಡಿಗ್ರಿಯಲ್ಲಿ ನಿಂತರೆ: ಸುಮಾರು 875 ವ್ಯಾಟ್.
ಇ) ಸುಣ್ಣವಿಲ್ಲದೆ 4 ಸೆಂ.ಮೀ. ಥರ್ಮಾಕೋಲ್ ಪದರ: ಸುಮಾರು 470 ವ್ಯಾಟ್.
ಈ) ಪದರವೂ ಇದ್ದು ಮೇಲೆ ಸುಣ್ಣವೂ ಇದ್ದರೆ: ಸುಮಾರು 190 ವ್ಯಾಟ್.

ಬರಿಯ ಸ್ಲ್ಯಾಬಿನ ಕೆಳಗೆ ಕುಳಿತಿರುವ ಕುಟುಂಬದ ತಲೆಯ ಮೇಲೆ 1,000 ವ್ಯಾಟಿನ ಎರಡು ವಿದ್ಯುತ್ ಒಲೆಗಳನ್ನು ಉರಿಸಿಟ್ಟಂತೆ ಆಗುತ್ತದೆ. ಇದೇ ಮನೆಯ ಪಶ್ಚಿಮದ ಗೋಡೆ 15 ಚದರ ಮೀಟರ್ ಇದ್ದು, ಸಿಮೆಂಟ್ ಬ್ಲಾಕಿನದಾಗಿದ್ದರೆ, ಅದರ ಮೂಲಕ ಇಳಿಹೊತ್ತಿನಲ್ಲಿ ಬರುವ ತಾಪ ಸುಮಾರು 650 ರಿಂದ 700 ವ್ಯಾಟ್. ಈ ಅಂಕಿಗಳು ಅಂದಾಜಿನವು, ಸ್ಥಳಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ ಅವುಗಳ ಕ್ರಮ ಬದಲಾಗುವುದಿಲ್ಲ. ಮೊದಲು ಮಾಳಿಗೆ, ನಂತರ ಪಶ್ಚಿಮದ ಗೋಡೆ, ಆಮೇಲೆ ಪೂರ್ವದ ಗೋಡೆ. ಮಾಳಿಗೆಯನ್ನು ಬಿಟ್ಟು ಗೋಡೆಗಳಿಗೆ ಫೋಮ್ ಹೊದಿಸುವುದು ಒಡ್ಡು ಒಡೆದ ಕಡೆ ಬಿಟ್ಟು ಬೇರೆ ಕಡೆ ಮಣ್ಣು ಹಾಕಿದಂತೆ.

ಕೇಂದ್ರ ಸರ್ಕಾರವು 2018ರಲ್ಲಿ ಪ್ರಕಟಿಸಿದ ಇಕೋ-ನಿವಾಸ್ ಸಂಹಿತೆಯು ವಸತಿ ಕಟ್ಟಡಗಳ ಮಾಳಿಗೆಗೆ ಇದೇ ಅಳತೆಗೋಲಿನಲ್ಲಿ 1.2ರ ಗರಿಷ್ಠ ಮಿತಿಯನ್ನು ಸೂಚಿಸಿದೆ. ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನಿವೇಶನಗಳ ಕಟ್ಟಡಗಳನ್ನು ಉದ್ದೇಶಿಸಿರುವುದರಿಂದ ಹಳ್ಳಿಯ ಸಣ್ಣ ಮನೆಗಳಿಗೆ ಕಡ್ಡಾಯವಲ್ಲ. ಆದರೂ ಮಾರ್ಗಸೂಚಿಯಾಗಿ ಬಳಸಬಹುದು. ಸರಿಯಾಗಿ ಹಾಸಿದ 2.5 ಸೆಂ.ಮೀ. ಪದರವೇ ಈ ಮಿತಿಯೊಳಗೆ ಬರುತ್ತದೆ.

4. ಪದರಕ್ಕೆ ಇರುವ ಮೂರು ಸ್ಥಾನಗಳು

ಒಳಮೈ: ಕೋಣೆಯ ಒಳಗಿನಿಂದ ಹಲಗೆಯನ್ನು ಅಂಟಿಸುವುದು ಸುಲಭ, ಮಳೆಯ ಭಯವಿಲ್ಲ. ಆದರೆ ಆಗ ಗೋಡೆ ಅಥವಾ ಸ್ಲ್ಯಾಬು ಪೂರ್ತಿಯಾಗಿ ಬಿಸಿಲಿಗೆ ಬಿಟ್ಟುಕೊಟ್ಟಂತಾಗಿ ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ಹೆಚ್ಚುತ್ತದೆ, ಬಿರುಕಿಗೆ ಎಡೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಭಾರವಾದ ಗೋಡೆಯ ತಂಪು ಕೋಣೆಯಿಂದ ದೂರವಾಗುತ್ತದೆ. ಒಲೆಯ ತಾಪ, ಜನರ ಮೈಯ ತಾಪ, ಬಾಗಿಲಿನಿಂದ ನುಗ್ಗುವ ಝಳ ಇವನ್ನು ಹೀರಲು ಏನೂ ಉಳಿಯದೆ ಕೋಣೆ ಬೇಗ ಕಾಯುತ್ತದೆ. ಫೋಮ್ ಬೆಂಕಿಗೆ ಹತ್ತಿರವಾಗುತ್ತದೆ, ಇಲಿಗಳಿಗೆ ಮನೆಯಾಗುತ್ತದೆ, ಗೋಡೆಗೆ ಗೂಟ, ಹಲಗೆ ಬಡಿಯಲಾಗುವುದಿಲ್ಲ. ದಿನಕ್ಕೆ ಕೆಲವೇ ತಾಸು ಹವಾನಿಯಂತ್ರಕ ಯಂತ್ರ ನಡೆಸುವ ಗಣಕಯಂತ್ರ ಕೊಠಡಿಯಂತಹ ಕಡೆ, ಅಥವಾ ಹೊರಮೈಗೆ ಕೈ ನಿಲುಕದ ಕಡೆ ಮಾತ್ರ ಈ ಸ್ಥಾನ ಒಪ್ಪತಕ್ಕದ್ದು.

ನಡುಭಾಗ: ಎರಡು ಗೋಡೆಗಳ ನಡುವೆ ಹಲಗೆ ಇರಿಸುವುದರಿಂದ ಫೋಮ್ ಬೆಂಕಿ, ಮಳೆ, ಪೆಟ್ಟು ಮೂರರಿಂದಲೂ ಸುರಕ್ಷಿತವಾಗಿರುತ್ತದೆ, ಒಳಗೋಡೆಯ ತಂಪು ಕೋಣೆಗೆ ಉಳಿಯುತ್ತದೆ. ಆದರೆ ಎರಡು ಗೋಡೆಗಳ ವೆಚ್ಚ ಬೀಳುತ್ತದೆ, 25 ಚದರ ಮೀಟರಿನ ಮನೆಯಲ್ಲಿ ಜಾಗ ನುಂಗುತ್ತದೆ. ಎರಡನ್ನೂ ಬೆಸೆಯುವ ಕಟ್ಟುಗಳನ್ನು ಗೌಂಡಿಯು ತಪ್ಪದೆ ಹಾಕಬೇಕು. ಕಂಬ ಮತ್ತು ತೊಲೆ ಬಂದಲ್ಲೆಲ್ಲ ಪದರ ತುಂಡಾಗುತ್ತದೆ. ಸಾಮಾನ್ಯ ಫಲಾನುಭವಿಗೆ ಇದು ಹೊರೆಯೇ ಸರಿ.

ಹೊರಮೈ: ಭಾರವಾದ ಗೋಡೆ ಅಥವಾ ಸ್ಲ್ಯಾಬು ಒಳಗೆ, ಫೋಮ್ ಅದರ ಹೊರಗೆ, ಫೋಮಿನ ಮೇಲೆ ರಕ್ಷಣೆಯ ಗಿಲಾವು. ಬಿಸಿಲಿನ ತಾಪವನ್ನು ಫೋಮ್ ಹೊರಗೇ ತಡೆಯುತ್ತದೆ. ರಾತ್ರಿ ಕಿಟಕಿ ತೆರೆದಾಗ ತಂಪು ಗಾಳಿಯಿಂದ ತಣಿದ ಗೋಡೆಯು ಮರುದಿನ ಆ ತಂಪನ್ನು ಕೋಣೆಗೆ ಕೊಡುತ್ತದೆ. ಸ್ಲ್ಯಾಬು ಬಿಸಿಲಿಗೆ ಹಿಗ್ಗಿ ಕುಗ್ಗುವುದು ಕಡಿಮೆಯಾಗುವುದರಿಂದ ಅದರ ಬಾಳಿಕೆಯೂ ಹೆಚ್ಚುತ್ತದೆ. ಈ ಜಿಲ್ಲೆಯಲ್ಲಿ ಬೇಸಿಗೆಯ ಹಗಲು 37–38 ಡಿಗ್ರಿಯ ಸುತ್ತ ಏರಿದರೂ ರಾತ್ರಿ 22–24 ಡಿಗ್ರಿಯ ಸುತ್ತ ಇಳಿಯುತ್ತದೆ. ಹಗಲು ರಾತ್ರಿಗಳ ಈ ಅಂತರವೇ ಹೊರಮೈಯ ಪದರಕ್ಕೆ ಬಲ. ಆದುದರಿಂದ ಈ ನಾಲ್ಕು ತಾಲೂಕುಗಳ ವಾಸದ ಮನೆಗಳಿಗೆ ಹೊರಮೈಯೇ ಯೋಗ್ಯ ಸ್ಥಾನ.

ಇಲ್ಲಿ ಒಂದು ಷರತ್ತನ್ನು ಮರೆಯಬಾರದು. ಹೊರಗಿನ ತಾಪ ಒಳಗೆ ಬಾರದಂತೆ ತಡೆಯುವ ಪದರವು ಒಳಗಿನ ತಾಪ ಹೊರಗೆ ಹೋಗದಂತೆಯೂ ತಡೆಯುತ್ತದೆ. ರಾತ್ರಿ ಗಾಳಿಗೆ ದಾರಿ ಇಲ್ಲದಿದ್ದರೆ ಒಲೆಯ ತಾಪವೂ ಜನರ ತಾಪವೂ ಒಳಗೇ ಸಂಗ್ರಹವಾಗುತ್ತವೆ. ಎದುರುಬದುರು ಕಿಟಕಿ, ಎತ್ತರದಲ್ಲಿ ಜಾಳಿಗೆಯ ಗವಾಕ್ಷಿ, ಕಳ್ಳರ ಭಯವಿಲ್ಲದಂತೆ ಸರಳು ಇವು ಫೋಮ್ ಪದರದ ಅವಿಭಾಜ್ಯ ಅಂಗಗಳು. ಇವಿಲ್ಲದ ಅಂದಾಜು ಪತ್ರಿಕೆಯು ಅಪೂರ್ಣವೆಂದೇ ತಿಳಿಯಬೇಕು.

5. ಪದರವು ಎಡೆಬಿಡದೆ ಇರಬೇಕಾದ ಅಗತ್ಯ

ತೂತಿರುವ ಕೊಡದಲ್ಲಿ ನೀರು ನಿಲ್ಲದಂತೆ, ಬಿಟ್ಟುಬಿಟ್ಟು ಹಾಸಿದ ಪದರದಲ್ಲಿ ತಾಪ ನಿಲ್ಲುವುದಿಲ್ಲ. ಪದರ ತುಂಡಾಗುವ ಸ್ಥಳಗಳು ಸಾಮಾನ್ಯವಾಗಿ ನಾಲ್ಕು.

ಅ) ಹಲಗೆ ಹಲಗೆಗಳ ನಡುವಿನ ಸಂದಿ. ಹಲಗೆಗಳನ್ನು ಒತ್ತಾಗಿ ಜೋಡಿಸಬೇಕು. ಎರಡು ತೆಳು ಹಲಗೆಗಳನ್ನು ಸಂದಿ ತಪ್ಪಿಸಿ ಒಂದರ ಮೇಲೊಂದು ಹಾಸುವುದು ಒಂದು ದಪ್ಪ ಹಲಗೆಗಿಂತ ಮೇಲು. ಸಂದಿಯಲ್ಲಿ ಸಿಮೆಂಟ್ ಕಲಸು ತುಂಬಬಾರದು.

ಆ) ಮಾಳಿಗೆಯ ಅಂಚು. ಸ್ಲ್ಯಾಬಿನ ಮೇಲೆ ಪದರ ಹಾಸಿ ಕುಂಬಿಯ ಬುಡದಲ್ಲಿ ನಿಲ್ಲಿಸಿದರೆ ಅಂಚಿನ ಮೂಲಕ ತಾಪ ಇಳಿಯುತ್ತದೆ. ಪದರವನ್ನು ಕುಂಬಿಯ ಒಳಬದಿಗೂ ಒಂದು ಗೇಣು ಏರಿಸುವುದು ಉತ್ತಮ.

ಇ) ಲಿಂಟೆಲ್ ಮತ್ತು ಛಜ್ಜ. ಇವು ಗೋಡೆಯಿಂದ ಹೊರಚಾಚಿದ ಕಾಂಕ್ರೀಟ್ ತುಂಡುಗಳು. ಲಿಂಟೆಲಿನ ಹೊರಮುಖವನ್ನಾದರೂ ಹೊದಿಸಬೇಕು, ಛಜ್ಜಕ್ಕೆ ಸುಣ್ಣ ಬಳಿಯಬೇಕು.

ಈ) ಕಿಟಕಿಯ ಚೌಕಟ್ಟಿನ ಸುತ್ತ. ಪದರವು ಚೌಕಟ್ಟಿಗೆ ಮುಟ್ಟುವಂತೆ ಬರಬೇಕು.

ಇವೆಲ್ಲವೂ ಗಿಲಾವು ಬಿದ್ದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಪರಿಶೀಲನೆ ಗಿಲಾವಿಗೆ ಮೊದಲೇ ನಡೆಯಬೇಕು.

6. ಎಚ್ಚರಿಕೆಗಳು

ಬೆಂಕಿ: ಥರ್ಮಾಕೋಲ್ ಸುಮಾರು 80–100 ಡಿಗ್ರಿಗೆ ಮೆತ್ತಗಾಗುತ್ತದೆ. ಬೆಂಕಿ ತಗಲಿದರೆ ಕರಗಿ ಉರಿಯುತ್ತದೆ, ಕಪ್ಪು ಹೊಗೆ ಉಸಿರುಗಟ್ಟಿಸುತ್ತದೆ. ಅದನ್ನು ಎಲ್ಲಿಯೂ ತೆರೆದಿಡಬಾರದು. ಬೆಂಕಿ ನಿಗ್ರಹಿಸುವ ಗುಣದ ಹಲಗೆಯನ್ನೇ ಕೊಳ್ಳಬೇಕು. ಥರ್ಮಾಕೋಲಿಗೆ ಐ.ಎಸ್. 4671, ಪಾಲಿಯೂರೆಥೇನ್ ಹಲಗೆಗೆ ಐ.ಎಸ್. 12436 ಭಾರತೀಯ ಮಾನಕಗಳಾಗಿವೆ. ಖರೀದಿಯ ಪತ್ರದಲ್ಲಿ ಇವನ್ನು ನಮೂದಿಸಬೇಕು. ಸಾಮಾನುಗಳ ಪೆಟ್ಟಿಗೆಯಲ್ಲಿ ಬರುವ ಬಿಡಿ ಥರ್ಮಾಕೋಲ್ ಕಟ್ಟಡಕ್ಕೆ ಯೋಗ್ಯವಲ್ಲ.

ನೀರು: ಮಾಳಿಗೆಯಲ್ಲಿ ಮೊದಲು ಜಲನಿರೋಧಕ ಲೇಪ, ಅದರ ಮೇಲೆ ಹಲಗೆ, ಅದರ ಮೇಲೆ ಜಾಳಿಗೆಯೊಂದಿಗೆ ಇಳಿಜಾರು ಗಚ್ಚು ಎಂಬುದು ಸಾಮಾನ್ಯ ಕ್ರಮ. ಇಳಿಜಾರು ತಪ್ಪಿ ನೀರು ನಿಂತರೆ ಹಲಗೆ ತೇವ ಹೀರಿ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ.

ಡಾಂಬರು: ಕಾದ ಡಾಂಬರು, ಪೆಟ್ರೋಲ್ ಅಥವಾ ತಿನ್ನರ್ ಬೆರೆತ ಅಂಟುಗಳು ಥರ್ಮಾಕೋಲನ್ನು ಕರಗಿಸುತ್ತವೆ. ಸಿಮೆಂಟ್ ಆಧಾರಿತ ಅಂಟನ್ನೇ ಬಳಸಬೇಕು.

ಗೆದ್ದಲು ಮತ್ತು ಇಲಿ: ಗೆದ್ದಲು ಫೋಮನ್ನು ತಿನ್ನುವುದಿಲ್ಲವಾದರೂ ಅದರೊಳಗೆ ದಾರಿ ಕೊರೆದು ಬಾಗಿಲ ಚೌಕಟ್ಟನ್ನು ತಲುಪುತ್ತದೆ. ಗೋಡೆಯ ಪದರವನ್ನು ನೆಲಮಟ್ಟದಿಂದ ಒಂದು ಗೇಣು ಮೇಲೆಯೇ ಆರಂಭಿಸಿ ಕೆಳಅಂಚನ್ನು ಮುಚ್ಚಬೇಕು.

ಪೆಟ್ಟು: ಎತ್ತು ಬಂಡಿ, ಟ್ರ್ಯಾಕ್ಟರ್ ತಗಲುವ ಕಡೆ ತೆಳು ಗಿಲಾವು ಬಾಳದು. ಅಲ್ಲಿ ಸೊಂಟದೆತ್ತರದವರೆಗೆ ಗಟ್ಟಿ ರಕ್ಷಣೆ ಕೊಡಬೇಕು ಅಥವಾ ಪದರವನ್ನೇ ಕೈಬಿಡಬೇಕು.

7. ಕಟ್ಟಡಕ್ಕೆ ತಕ್ಕ ನಿರ್ಣಯ

ಹೊಸ ಸ್ಲ್ಯಾಬಿನ ಮನೆ: ಯೋಜನೆಯಡಿ ಬಯಲು ಪ್ರದೇಶದ ಮನೆಗೆ ಕೇಂದ್ರವು ನಿಗದಿಪಡಿಸಿದ ಮೂಲ ಸಹಾಯಧನ 1.20 ಲಕ್ಷ ರೂಪಾಯಿ. ಇಷ್ಟರಲ್ಲಿ ಎಲ್ಲ ಗೋಡೆಗೂ ಫೋಮ್ ಹೊದಿಸುವ ಮಾತು ಅವಾಸ್ತವ. ಪ್ರತಿಯೊಬ್ಬ ಫಲಾನುಭವಿಯೂ ಮಾಳಿಗೆಗೆ ಸುಣ್ಣವನ್ನು ಬಳಿಯಬಲ್ಲನು, ಧೂಳು ಕೂರುವುದರಿಂದ ಅದನ್ನು ಪ್ರತಿ ಬೇಸಿಗೆಯ ಮೊದಲು ನವೀಕರಿಸಬೇಕು. ಹೆಚ್ಚಿನ ಹಣ ಹಾಕಬಲ್ಲವರು ಮಾಳಿಗೆಯ ಮೇಲೆ ಪದರ ಹಾಕಲಿ. ಪಶ್ಚಿಮದ ಗೋಡೆಗೆ ಫೋಮಿಗೆ ಮೊದಲು ಬೇವಿನ ಗಿಡವನ್ನೋ ಚಪ್ಪರವನ್ನೋ ಆಲೋಚಿಸಲಿ.

ಹಳೆಯ ಮಣ್ಣಿನ ಮಾಳಿಗೆಯ ಮನೆ: ಇಂತಹ ಗೋಡೆಗೆ ಫೋಮ್ ಮತ್ತು ಸಿಮೆಂಟ್ ಗಿಲಾವು ಸಲ್ಲದು. ಮಣ್ಣಿನ ಗೋಡೆಯು ಹೀರಿದ ತೇವ ಆರಲು ದಾರಿ ಬೇಕು. ಆ ದಾರಿ ಮುಚ್ಚಿದರೆ ಗೋಡೆ ಒಳಗಿನಿಂದಲೇ ಶಿಥಿಲವಾಗುತ್ತದೆ. ಮಣ್ಣಿನ ಅಥವಾ ಸುಣ್ಣದ ಗಿಲಾವು, ಸವಳು ಮಣ್ಣಿನ ನವೀಕರಣ, ನೀರು ಹರಿದುಹೋಗುವ ವ್ಯವಸ್ಥೆ ಇವೇ ಅದಕ್ಕೆ ತಕ್ಕ ಆರೈಕೆ.

ತಗಡಿನ ಮನೆ: ತಗಡಿನಲ್ಲಿ ತಾಪ ಹಿಡಿದಿಡುವ ಭಾರವೇ ಇಲ್ಲದಿರುವುದರಿಂದ ಒಳಗು ಹೊರಗು ಎಂಬ ಭೇದ ಇಲ್ಲಿ ಮುಖ್ಯವಲ್ಲ, ಬೆಂಕಿಯ ಸುರಕ್ಷತೆ ಮುಖ್ಯ. ತಗಡಿನ ಕೆಳಗೆ ಬಿಡಿ ಥರ್ಮಾಕೋಲ್ ಕಟ್ಟುವುದನ್ನು, ವಿಶೇಷವಾಗಿ ಒಲೆ ಇರುವ ಕಡೆ, ತಡೆಯಬೇಕು. ಎರಡು ತಗಡುಗಳ ನಡುವೆ ಫೋಮ್ ಮುಚ್ಚಿ ಬರುವ ಹಲಗೆಗಳು ಮೇಲು. ಕಪ್ಪತಗುಡ್ಡದ ಸುತ್ತಲಿನ ಮುಂಡರಗಿ, ಶಿರಹಟ್ಟಿ ಭಾಗಗಳಲ್ಲಿ ಗಾಳಿಯ ರಭಸ ಹೆಚ್ಚಾದುದರಿಂದ ಅವನ್ನು ಬಿಗಿಯಾಗಿ ಬೋಲ್ಟು ಮಾಡಬೇಕು.

ಅಂಗನವಾಡಿ ಮತ್ತು ಶಾಲಾ ಕೊಠಡಿ: ಇವು ರಾತ್ರಿ ಬೀಗ ಹಾಕಿದ ಕಟ್ಟಡಗಳು. ಕಿಟಕಿ ಮುಚ್ಚಿರುವುದರಿಂದ ಗೋಡೆ ತಣಿಯುವುದಿಲ್ಲ. ಎತ್ತರದಲ್ಲಿ ಸದಾ ತೆರೆದಿರುವ ಜಾಳಿಗೆಯ ಗವಾಕ್ಷಿಗಳನ್ನು ನಿರ್ಮಿಸಿ, ನಂತರ ಮಾಳಿಗೆಯ ಮೇಲೆ ಪದರವನ್ನು ಹಾಕಬೇಕು. ಪಂಚಾಯತಿಯ ಸೀಮಿತ ನಿಧಿಯಲ್ಲಿ ಒಂದೇ ಕಟ್ಟಡಕ್ಕೆ ಪದರ ಸಾಧ್ಯವಿದ್ದರೆ ಅದು ಅಂಗನವಾಡಿಯೇ ಆಗಿರಲಿ.

ಸಾಲುಮನೆ: ಗದಗ-ಬೆಟಗೇರಿಯ ನೇಕಾರ ಓಣಿಗಳಂತೆ ಗೋಡೆಗೆ ಗೋಡೆ ಕೂಡಿಕೊಂಡಿರುವ ಮನೆಗಳಲ್ಲಿ ನಡುಗೋಡೆಗೆ ಬಿಸಿಲೇ ಬೀಳುವುದಿಲ್ಲ, ಆದುದರಿಂದ ಅದಕ್ಕೆ ಪದರವೂ ಬೇಡ. ಇಡೀ ದಿನ ಮಗ್ಗದಲ್ಲಿ ಕುಳಿತು ದುಡಿಯುವವನಿಗೆ ತಾಪವು ನೆತ್ತಿಯಿಂದಲೇ ಬರುತ್ತದೆ. ಹಳ್ಳಿಗಳ ಸಾಲುಮನೆಗಳಿಗೂ ಇದೇ ನಿಯಮ.

8. ಗ್ರಾಮ ಪಂಚಾಯತಿಯ ಪಾತ್ರ

ತಾಂತ್ರಿಕ ವಿನ್ಯಾಸವು ಇಂಜಿನಿಯರರ ಕೆಲಸ. ಆದರೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳುವುದು ಸದಸ್ಯರ ಕರ್ತವ್ಯ. ಸದಸ್ಯರು ಈ ಕೆಳಗಿನವುಗಳನ್ನು ಗಮನಿಸುವುದು ಸೂಕ್ತ:

ಅ) ಅಂದಾಜು ಪತ್ರಿಕೆಯಲ್ಲಿ ಪದರದ ಸ್ಥಾನ, ದಪ್ಪ, ಮಾನಕ ಸಂಖ್ಯೆ ಸ್ಪಷ್ಟವಾಗಿ ನಮೂದಾಗಿದೆಯೇ?
ಆ) ಮಾಳಿಗೆಗೆ ಪದರವಿಲ್ಲದೆ ಗೋಡೆಗೆ ಮಾತ್ರ ಸೂಚಿಸಲಾಗಿದೆಯೇ? ಆಗಿದ್ದರೆ ಕಾರಣವೇನು?
ಇ) ರಾತ್ರಿಯ ಗಾಳಿಗೆ ಗವಾಕ್ಷಿಗಳಿವೆಯೇ?
ಈ) ಗಿಲಾವಿಗೆ ಮೊದಲು ಸಂದಿ, ಅಂಚು, ಲಿಂಟೆಲುಗಳ ಛಾಯಾಚಿತ್ರ ತೆಗೆಯಲಾಗಿದೆಯೇ?
ಉ) ಗೌಂಡಿಗೆ ಈ ಕೆಲಸದ ರೀತಿಯನ್ನು ಮೊದಲೇ ತೋರಿಸಲಾಗಿದೆಯೇ?

ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಆಯ್ಕೆಯ ದಿನವೇ ಮಾಳಿಗೆಯ ಸುಣ್ಣ, ಗವಾಕ್ಷಿ, ಪಶ್ಚಿಮದ ನೆರಳು ಈ ಮೂರನ್ನು ತಿಳಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಅಹಮದಾಬಾದ್ ನಗರವು 2013ರಲ್ಲಿ ತಾಪ ನಿರ್ವಹಣಾ ಕ್ರಿಯಾಯೋಜನೆಯನ್ನು ರೂಪಿಸಿತು. ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಮಾಳಿಗೆಯ ನೀತಿಯನ್ನೇ ಪ್ರಕಟಿಸಿತು. ಇಂತಹ ಕಾರ್ಯಕ್ಕೆ ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯೇ ತಕ್ಕ ವೇದಿಕೆ.

ಸಾರಾಂಶ

ಫೋಮ್ ತಡೆಯುತ್ತದೆ, ಗೋಡೆ ಹಿಡಿದಿಡುತ್ತದೆ. ಗೋಡೆ ಒಳಗಿರಲಿ, ಫೋಮ್ ಹೊರಗಿರಲಿ. ಮೊದಲು ಮಾಳಿಗೆ, ನಂತರ ಪಶ್ಚಿಮ. ಪದರದಲ್ಲಿ ಎಡೆ ಬೇಡ, ರಾತ್ರಿಯ ಗಾಳಿಗೆ ತಡೆ ಬೇಡ. ಫೋಮಿಗೆ ಹಣವಿಲ್ಲದವನಿಗೆ ಸುಣ್ಣವೂ ನೆರಳೂ ಇವೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿ ವ್ಯಾಪ್ತಿಯ ಅಂಗನವಾಡಿಗಳಲ್ಲಿ ಮಧ್ಯಾಹ್ನ ಯಾವುದು ಹೆಚ್ಚು ಕಾಯುತ್ತದೆ? ಅದರ ಮಾಳಿಗೆಯ ರಚನೆ ಯಾವುದು?
2. ಒಂದು ಮನೆಯ ಒಳಮೈಗೆ ಈಗಾಗಲೇ ಥರ್ಮಾಕೋಲ್ ಅಂಟಿಸಲಾಗಿದೆ. ಅಲ್ಲಿ ಬೆಂಕಿಯ ಅಪಾಯವನ್ನು ತಗ್ಗಿಸಲು ಮೊದಲು ಮಾಡಬೇಕಾದದ್ದೇನು?
3. ಈ ವರ್ಷ ಮಂಜೂರಾದ ಮನೆಗಳಲ್ಲಿ ಎಷ್ಟರ ಪಶ್ಚಿಮದ ಗೋಡೆಗೆ ನೆರಳಿದೆ? ಉಳಿದವುಗಳಿಗೆ ಮಳೆಗಾಲದ ಆರಂಭದಲ್ಲಿ ಯಾವ ಸಸಿಗಳನ್ನು ನೀಡಬಹುದು?